ಕಠಾರಿಯ ಮೇಲಿನ ಊರ ಹೆಸರು: ಆದವಾನಿ ಶಸ್ತ್ರಗಳನ್ನು ಗುರುತಿಸುವ ಬಗೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಆಡುಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಮುಖ್ಯ ಭಾಗವಿದೆ.)

  ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ.

ಮೊದಲಿಗೇ ಪ್ರಶ್ನೆ ಇಟ್ಟುಬಿಡೋಣ. ಒಂದು ಹಳೆಯ ಕಠಾರಿಯ ಹಿಡಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ನಾಗರಿ ಅಕ್ಷರಗಳಿವೆ. ಅದರಲ್ಲಿ ‘ಆದೋನಿ’ ಅನ್ನೋ ಊರ ಹೆಸರಿದೆ. ಹಾಗಾದ್ರೆ ಅದು ಆದವಾನಿಯ ಕಠಾರಿಯಾ? ಬಹಳ ಜನ ಹೌದು ಅಂತಾರೆ. ಮಾರಾಟದ ಸೂಚಿಗಳಲ್ಲೂ ಹೌದು ಅಂತಲೇ ಬರೀತಾರೆ. ನನ್ನ ವಾದ ಏನಂದ್ರೆ, ಆ ಬರಹ ಹೇಳೋದು ಆ ಕಠಾರಿಯನ್ನ ಕೊನೆಗೆ ಯಾರು, ಎಲ್ಲಿಂದ ಕೊಂಡೊಯ್ದರು ಅನ್ನೋದನ್ನ ಮಾತ್ರ. ಯಾರು ಮಾಡಿದರು, ಎಲ್ಲಿ ಮಾಡಿದರು, ಯಾವಾಗ ಮಾಡಿದರು ಅನ್ನೋ ಮೂರು ಪ್ರಶ್ನೆಗಳಿಗೆ ನಾವು ಬೇರೆ ಕಡೆಯಿಂದ ಉತ್ತರ ಹುಡುಕಬೇಕು. ಇವತ್ತಿನ ಮಾತೆಲ್ಲ ಆ ಹುಡುಕಾಟದ ಬಗ್ಗೆಯೇ.

ಊರಿನ ಹಿನ್ನೆಲೆ

ಆದವಾನಿ ಇವತ್ತು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿದೆ. ತೆಲುಗಿನಲ್ಲಿ ಆದೋನಿ. ಆಲೂರು, ಹೊಳಗುಂದ, ಹಾಲಹರ್ವಿ, ಕೌತಾಳಂ, ಮಂತ್ರಾಲಯದ ಕಡೆ ಹೋದ್ರೆ ಕನ್ನಡ ಇವತ್ತಿಗೂ ಮನೆಮಾತು. ಇದಕ್ಕೆ ಕಾರಣ ಸರಳ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟವು. ಮೊದಲ ಎರಡು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಹೋದವು.

ಇದು ಶಸ್ತ್ರ ಸಂಶೋಧನೆಗೆ ಏನು ಸಂಬಂಧ ಅಂತ ಕೇಳಬಹುದು. ನೇರ ಸಂಬಂಧ ಇದೆ. ಆದವಾನಿ ಕೋಟೆಯ ಹಳೆಯ ವಿವರಣೆ ಬೇಕು ಅಂತ ಕರ್ನೂಲಿನ ಹಳೆಯ ಗೆಜೆಟಿಯರ್ ತೆರೆದ್ರೆ ಸಿಗಲ್ಲ. 1872ರ ಕೆಲ್ಸಾಲ್ ಅವರ ಬಳ್ಳಾರಿ ಕೈಪಿಡಿ, 1904ರ ಡಬ್ಲ್ಯು. ಫ್ರಾನ್ಸಿಸ್ ಅವರ ಬಳ್ಳಾರಿ ಗೆಜೆಟಿಯರ್ ಎರಡನ್ನೂ ನೋಡಬೇಕು. ಊರು ಒಂದು ಜಿಲ್ಲೆಯಲ್ಲಿ, ಊರಿನ ಕಾಗದ ಇನ್ನೊಂದು ಜಿಲ್ಲೆಯಲ್ಲಿ, ಊರಿನ ಶಸ್ತ್ರ ಮತ್ತೊಂದು ರಾಜ್ಯದಲ್ಲಿ. ನಮ್ಮ ವಿಷಯದ ಕಷ್ಟವೆಲ್ಲ ಈ ಒಂದು ಸಾಲಿನಲ್ಲಿದೆ.

ಕೋಟೆಯ ಇತಿಹಾಸವನ್ನ ಚುಟುಕಾಗಿ ಹೇಳ್ತೀನಿ. ತುಂಗಭದ್ರೆಯ ದಕ್ಷಿಣಕ್ಕೆ ಬಂಡೆಗಲ್ಲಿನ ಬೆಟ್ಟಗಳ ಮೇಲಿರೋ ಈ ಕೋಟೆ ವಿಜಯನಗರದವರ ಮುಖ್ಯ ನೆಲೆಗಳಲ್ಲೊಂದು. 1565ರ ತಾಳಿಕೋಟೆ ಯುದ್ಧದ ನಂತರವೂ ಒಂದಷ್ಟು ದಿನ ಅದು ಬಿಜಾಪುರದ ಕೈಗೆ ಸಿಗಲಿಲ್ಲ. 1568ರಲ್ಲಿ ಅಲಿ ಆದಿಲ್ ಶಾಹನ ಸೇನಾನಿ ಅಂಕುಸ್ ಖಾನ್ ಅದನ್ನ ಹಿಡಿದ. ಅಲ್ಲಿಂದ ಸುಮಾರು 120 ವರ್ಷ ಆದಿಲ್‌ಶಾಹಿ ಆಡಳಿತ. ಕೊನೆಯ ಘಟ್ಟದಲ್ಲಿ ಅಲ್ಲಿದ್ದವನು ಸಿದ್ದಿ ಮಸೂದ್ ಖಾನ್. ಹಬಷಿ ಮೂಲದವನು, 1678ರಿಂದ 1683ರವರೆಗೆ ಬಿಜಾಪುರದ ರಾಜ್ಯಭಾರವನ್ನೇ ನೋಡಿಕೊಂಡಿದ್ದವನು, ಆಮೇಲೆ ಅದನ್ನ ಬಿಟ್ಟು ಆದವಾನಿಗೆ ಬಂದು ಹೆಚ್ಚುಕಡಿಮೆ ಸ್ವತಂತ್ರವಾಗಿಯೇ ಆಳಿದವನು. ಮಂತ್ರಾಲಯದ ಭಕ್ತರಿಗೆ ಈ ಹೆಸರು ಹೊಸದಲ್ಲ. ರಾಘವೇಂದ್ರಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನ ಕೊಟ್ಟ ನವಾಬ ಅಂತ ಮಠದ ಪರಂಪರೆ ನೆನೆಯೋದು ಇವನನ್ನೇ. ಊರಿನ ಜಾಮಿಯಾ ಮಸೀದಿಯನ್ನ ಕಟ್ಟಿಸಿದವನೂ ಇವನೇ ಅಂತಾರೆ.

1686ರಲ್ಲಿ ಬಿಜಾಪುರ ಬಿತ್ತು, 1687ರಲ್ಲಿ ಗೋಲ್ಕೊಂಡ ಬಿತ್ತು. 1688ರಲ್ಲಿ ಔರಂಗಜೇಬನ ಸೇನಾಪತಿ ಫಿರೂಜ್ ಜಂಗ್ ಆದವಾನಿಯನ್ನ ತೆಗೆದುಕೊಂಡ. ಶಸ್ತ್ರಗಳ ಬಗ್ಗೆ ಬರೆಯುವವರು ಇದಕ್ಕೆ 1689 ಅಂತಲೂ ಹಾಕ್ತಾರೆ. ಮೊಗಲರು ಊರಿಗೆ ಇಮ್ತಿಯಾಜ್‌ಗಡ ಅಂತ ಹೊಸ ಹೆಸರಿಟ್ಟರು. ಮೊಗಲರ ಕಡೆಯಿದ್ದ ಬಿಕಾನೇರಿನ ಮಹಾರಾಜ ಅನೂಪ್ ಸಿಂಗ್ ಆಮೇಲೆ ಆದವಾನಿಯಲ್ಲೇ ನೆಲೆಸಿ, 1698ರಲ್ಲಿ ಅಲ್ಲಿಯೇ ತೀರಿಕೊಂಡ. ಆದವಾನಿ ಶಸ್ತ್ರಾಗಾರದ ಒಂದು ದೊಡ್ಡ ಭಾಗ ಅವನ ಮೂಲಕ ಬಿಕಾನೇರಿಗೆ ಹೋಯಿತು. ನೇರ ಗೆರೆ ಎಳೆದ್ರೆ ಸುಮಾರು 1,400 ಕಿಲೋಮೀಟರ್ ದೂರ.

ಅನೂಪ್ ಸಿಂಗ್ ಬರೀ ಕತ್ತಿ ಸಾಗಿಸಿದವನಲ್ಲ. ದಖ್ಖನಿನಿಂದ ಸಂಸ್ಕೃತ ಹಸ್ತಪ್ರತಿಗಳನ್ನ, ಲೋಹದ ದೇವರ ಮೂರ್ತಿಗಳನ್ನ ಕೊಂಡೊಯ್ದ. ಬಿಕಾನೇರಿನ ಅನೂಪ್ ಸಂಸ್ಕೃತ ಗ್ರಂಥಾಲಯ ಇವನ ಹೆಸರಿನದು. ಜೂನಾಗಡ ಕೋಟೆಯಲ್ಲಿ ಮೂವತ್ತಮೂರು ಕೋಟಿ ದೇವತೆಗಳ ಗುಡಿ ಅಂತಲೇ ಒಂದಿದೆ. ಒಬ್ಬ ದೊರೆ, ಮೂರು ಬಗೆಯ ಸಂಗ್ರಹ. ಪುಸ್ತಕ ಮತ್ತು ದೇವರಿಗೆ ಅದನ್ನ ‘ಉಳಿಸಿದ್ದು’ ಅಂತೀವಿ, ಶಸ್ತ್ರಕ್ಕೆ ‘ಲೂಟಿ’ ಅಂತೀವಿ. ಎರಡೂ ಪದ ಬಳಸೋ ಮೊದಲು ಸ್ವಲ್ಪ ಯೋಚಿಸೋಣ. ಯಾಕಂದ್ರೆ ಕೆಲಸ ಒಂದೇ ಕೈಯದು.

ಗುರುತು ಹಾಕುವವರು ಯಾರು?

ಹಳೆಯ ಸೈನಿಕ ಶಸ್ತ್ರ ಸಂಗ್ರಹಿಸೋರಲ್ಲಿ ಸ್ಕ್ಯಾಂಡಿನೇವಿಯಾದ ಶಸ್ತ್ರಗಳಿಗೆ ಬಹಳ ಬೇಡಿಕೆ. ಅದಕ್ಕೊಂದು ಕಾರಣ ಅವುಗಳ ಗುರುತು ಸ್ಪಷ್ಟ ಅನ್ನೋದು. ನಾರ್ವೆಯ ಕಾಂಗ್ಸ್‌ಬರ್ಗ್ ಕಾರ್ಖಾನೆಯ ಬಂದೂಕಿನ ಮೇಲೆ ಕಿರೀಟದ ಕೆಳಗೆ ಕೆ ಅಕ್ಷರ. ಸ್ವೀಡನ್ನಿನ ಕಾರ್ಲ್ ಗುಸ್ತಾಫ್ ಕಾರ್ಖಾನೆಯದಕ್ಕೆ ಕಿರೀಟ ಮತ್ತು ಸಿ ಅಕ್ಷರ. ಜೊತೆಗೆ ಇಸವಿ, ಸಂಖ್ಯೆ, ಎಷ್ಟೋ ಸಲ ದಳದ ಗುರುತು. ಅಂದ್ರೆ ಅಲ್ಲಿ ಗುರುತು ಹಾಕಿದವನು ತಯಾರಕ ಅಥವಾ ಒಡೆಯ. ಗುರುತು ಓದಿದರೆ ಹುಟ್ಟಿದ ಊರು ಗೊತ್ತಾಗುತ್ತೆ.

ಆದವಾನಿಯದು ಇದಕ್ಕೆ ತಿರುಗುಮುರುಗು. ತಯಾರಕ ತನ್ನ ಹೆಸರು ಹಾಕಿಲ್ಲ. ಗೆದ್ದವನು ಹಾಕಿದ್ದಾನೆ. ಇದಕ್ಕೆ ಹತ್ತಿರದ ಹೋಲಿಕೆಯೂ ಸ್ಕ್ಯಾಂಡಿನೇವಿಯಾದಲ್ಲೇ ಇದೆ. ಸ್ಟಾಕ್‌ಹೋಮಿನ ಸೇನಾ ಮ್ಯೂಸಿಯಂನಲ್ಲಿ ‘ರಾಜ್ಯದ ವಿಜಯಚಿಹ್ನೆಗಳ ಸಂಗ್ರಹ’ ಅಂತ ಒಂದಿದೆ. 17ನೆಯ ಶತಮಾನದ ಯುದ್ಧಗಳಿಂದ ಮೊದಲಾಗಿ ಸ್ವೀಡನ್ ಸೇನೆ ಶತ್ರುಗಳಿಂದ ಕಿತ್ತುಕೊಂಡ ಬಾವುಟ ಮುಂತಾದವು ಅಲ್ಲಿವೆ. ಸೋತವರ ಬಾವುಟ ಸೋತವರ ಊರಲ್ಲಿ ಉಳಿಯಲಿಲ್ಲ, ಗೆದ್ದವರ ಊರಲ್ಲಿ ಉಳೀತು. ಬಿಕಾನೇರ್ ಶಸ್ತ್ರಾಗಾರ ಆದವಾನಿಗೆ ಮಾಡಿದ್ದೂ ಇದನ್ನೇ. ಸಿದ್ದಿ ಮಸೂದನ ಶಸ್ತ್ರಾಗಾರದ ಬಗ್ಗೆ ನಮ್ಮ ಮುಖ್ಯ ದಾಖಲೆ ಅದನ್ನ ಖಾಲಿ ಮಾಡಿದವರು ಕೊರೆದ ಚುಕ್ಕೆಗಳು.

ಈಗ ಆ ಚುಕ್ಕೆಬರಹ ಎಷ್ಟು ಹೇಳುತ್ತೆ ಅನ್ನೋದನ್ನ ನೋಡೋಣ. ಸಂವತ್ ಇಸವಿ ಇದ್ರೆ ವಿಕ್ರಮ ಶಕೆ ಅಂತ ತಿಳಿದು 57 ಕಳೀಬೇಕು, ವರ್ಷದ ಕೊನೆಯ ತಿಂಗಳುಗಳಾದ್ರೆ 56. ಉದಾಹರಣೆಗೆ ಚೈತ್ರದಿಂದ ಶುರುವಾಗೋ ಲೆಕ್ಕದಲ್ಲಿ ಸಂವತ್ 1746 ಅಂದ್ರೆ 1689ರ ವಸಂತದಿಂದ 1690ರ ವಸಂತದವರೆಗೆ. ಹಿಜರಿ ಇಸವಿ ಇದ್ರೆ ಲೆಕ್ಕ ಬೇರೆ. ಹಿಜರಿ 1100 ಶುರುವಾಗಿದ್ದು 1688ರ ಅಕ್ಟೋಬರ್ ಕೊನೆಗೆ. ನಮ್ಮ ಶಾಸನಗಳ ಶಾಲಿವಾಹನ ಶಕೆಗೆ 78 ಕೂಡಿಸಬೇಕು. ಒಂದೇ ಮುತ್ತಿಗೆಗೆ 1688, 1689 ಅಂತ ಎರಡು ಇಸವಿ ಓಡಾಡ್ತಿರೋವಾಗ ಒಂದು ವರ್ಷದ ತಪ್ಪು ಎಲ್ಲಿಂದ ಬೇಕಾದ್ರೂ ನುಸುಳಬಹುದು. ಅದಕ್ಕೇ ಯಾವ ಶಕೆ ಅಂತ ಬರೆದುಕೊಳ್ಳದೆ ಇಸವಿ ಮಾತ್ರ ಬರೆದುಕೊಳ್ಳಬೇಡಿ.

ಈ ಇಸವಿಯಿಂದ ಸಿಗೋದು ‘ಇದಕ್ಕಿಂತ ಈಚಿನದಲ್ಲ’ ಅನ್ನೋ ಗಡಿ. ಕಠಾರಿ 1689ಕ್ಕಿಂತ ಮೊದಲೇ ಇತ್ತು, ಅಷ್ಟೇ. 5 ವರ್ಷ ಮೊದಲೋ 150 ವರ್ಷ ಮೊದಲೋ ಚುಕ್ಕೆ ಹೇಳಲ್ಲ. ಆದರೂ ಇದು ಸಣ್ಣ ಲಾಭ ಅಲ್ಲ. ದಕ್ಷಿಣ ಭಾರತದ ಕಠಾರಿಗಳಲ್ಲಿ ಇಸವಿ ಇರೋವು ಬಹಳ ಕಡಿಮೆ. ಹಾಗಾಗಿ ಆದವಾನಿ ಗುರುತಿನ ವಸ್ತುಗಳು ಉಳಿದವನ್ನ ಅಳೆಯೋ ಗೋಲಾಗಿಬಿಟ್ಟಿವೆ. ಗೋಲು ಸರಿಯಿಲ್ಲದಿದ್ರೆ ಅಳತೆಯೆಲ್ಲ ತಪ್ಪುತ್ತೆ.

ಕಠಾರಿಯನ್ನು ಓದುವುದು

ಮುಂದಿನ ಚಿತ್ರ ನೋಡಿ. ಕಠಾರಿ ಅಂದ್ರೆ ಸಾಮಾನ್ಯ ಬಾಕುವಲ್ಲ. ಬಾಕುವಿನ ಹಿಡಿ ಅಲಗಿನ ಸಾಲಿನಲ್ಲೇ ಇರುತ್ತೆ. ಕಠಾರಿಯ ಹಿಡಿ ಅಲಗಿಗೆ ಅಡ್ಡ. ಎರಡು ಪಕ್ಕದ ಪಟ್ಟಿಗಳ ನಡುವೆ ಅಡ್ಡಕಂಬಿಗಳು. ಮುಷ್ಟಿ ಕಟ್ಟಿ ಹಿಡಿದರೆ ಅಲಗು ಗೆಣ್ಣುಗಳ ಮುಂದಕ್ಕೆ ಚಾಚುತ್ತೆ. ಹೊಡೆತ ಗುದ್ದಿನ ಹಾಗೆ ಹೋಗುತ್ತೆ, ತೋಳಿನ ಪೂರ್ತಿ ಬಲ ಮೊನೆಗೆ ಬರುತ್ತೆ. ಕನ್ನಡಕ್ಕೆ ಈ ಪದ ಹಳೆಯದು. ವಿಜಯನಗರದ ಸಾಳುವ ದೊರೆಗಳ ಬಿರುದುಗಳಲ್ಲಿ ‘ಕಠಾರಿ ಸಾಳುವ’ ಒಂದು. ಬಿರುದಾಗಿ ಧರಿಸುವಷ್ಟು ಮರ್ಯಾದೆ ಈ ಆಯುಧಕ್ಕಿತ್ತು.

ಗುರುತಿಸುವಾಗ ನಾಲ್ಕು ಭಾಗ ಬೇರೆ ಬೇರೆ ನೋಡಬೇಕು.

ಒಂದು, ಹೆಡೆ. ದಕ್ಷಿಣದ ಹಳೆಯ ಕಠಾರಿಗಳಲ್ಲಿ ಕೈಯ ಹಿಂಭಾಗವನ್ನ ಮುಚ್ಚೋ ಒಂದು ಲೋಹದ ತಗಡು ಇರುತ್ತೆ, ಹಾವಿನ ಹೆಡೆಯಂತೆ ಅಥವಾ ಗಾಳಿ ತುಂಬಿದ ಹಾಯಿಯಂತೆ ಬಾಗಿದ್ದು. ನಾವು ಇದನ್ನ ‘ಹೆಡೆ ಕಠಾರಿ’ ಅಂತ ಕರೆಯೋಣ. ಇದರ ತುದಿಯಲ್ಲಿ ಯಾಳಿ, ಪಕ್ಕಪಟ್ಟಿಗಳಲ್ಲಿ ಜಾಲಂಧ್ರದ ಕೆಲಸ. 16, 17ನೆಯ ಶತಮಾನದ ದಕ್ಷಿಣದ ಲಕ್ಷಣ ಇದು. ಉತ್ತರದ ಮೊಗಲ್ ಕಠಾರಿಗೆ ಸಾಮಾನ್ಯವಾಗಿ ಹೆಡೆ ಇರಲ್ಲ. ಎರಡು ಸರಳ ಅಡ್ಡಕಂಬಿ, ಚಿನ್ನದ ಕುಸುರಿ.

ಎರಡು, ಅಡ್ಡಕಂಬಿ. ಎಷ್ಟು ಕಂಬಿ, ನಡುವೆ ಉಬ್ಬು ಇದೆಯಾ, ಬಳೆಗಳ ಕೆಲಸ ಇದೆಯಾ. ಕೈಯ ಅಳತೆಯೂ ಇಲ್ಲೇ ಗೊತ್ತಾಗೋದು. ಹಿಡಿ ಬಹಳ ಚಿಕ್ಕದು ಕಂಡ್ರೆ ‘ಹೆಂಗಸರದು, ಮಕ್ಕಳದು’ ಅಂತ ತಕ್ಷಣ ಬರೆಯೋ ಚಟ ಇದೆ. ಆ ಕಾಲದ ಹಿಡಿಗಳು ಸಾಮಾನ್ಯವಾಗಿಯೇ ಬಿಗಿ.

ಮೂರು, ಅಲಗು. ಇದನ್ನ ಹಿಡಿಯಿಂದ ಬೇರೆ ವಸ್ತು ಅಂತಲೇ ತಿಳೀರಿ. ಎಷ್ಟೋ ದಕ್ಷಿಣದ ಕಠಾರಿಗಳಿಗೆ ಯುರೋಪಿನ ಕತ್ತಿಯ ತುಂಡು ಅಲಗಾಗಿದೆ. ಹಿಡಿಯ ಬುಡದಿಂದ ಎರಡು ನಾಲಗೆಯಂಥ ಪಟ್ಟೆಗಳು ಮುಂದಕ್ಕೆ ಚಾಚಿರುತ್ತೆ, ಅವುಗಳ ನಡುವೆ ಅಲಗನ್ನ ಸಿಕ್ಕಿಸಿ ರಿವೆಟ್ ಹೊಡೆದಿರ್ತಾರೆ. ಅಲಗಿನ ಗೆರೆಗಾಲುವೆಗಳು ಮೊನೆಗೆ ಮುಂಚೆ ಸಹಜವಾಗಿ ಮುಗಿಯದೆ ಬುಡದಲ್ಲಿ ಕಡಿದ ಹಾಗೆ ಕಂಡ್ರೆ ಅದು ಮೊದಲು ಉದ್ದದ ಕತ್ತಿಯಾಗಿತ್ತು ಅಂತ ಅರ್ಥ. ಸ್ಥಳೀಯವಾಗಿ ಕಠಾರಿಗೆಂದೇ ಬಡಿದ ಅಲಗಾದ್ರೆ ಗೆರೆಗಳು ಆಕಾರಕ್ಕೆ ತಕ್ಕಂತೆ ಕೂಡಿ ಬರುತ್ತೆ, ಮೊನೆ ಎಷ್ಟೋ ಸಲ ದಪ್ಪ. ಕವಚದ ಬಳೆಗಳನ್ನ ಭೇದಿಸೋಕೆ ಆ ದಪ್ಪ.

ಇಲ್ಲೊಂದು ಪದದ ಎಚ್ಚರಿಕೆ. ನಮಗೆ ಫಿರಂಗಿ ಅಂದ್ರೆ ತೋಪು. ದಖ್ಖನಿನ ಶಸ್ತ್ರಪರಿಭಾಷೆಯಲ್ಲಿ ಫಿರಂಗಿ ಅಂದ್ರೆ ಯುರೋಪಿನ ಅಲಗುಳ್ಳ ನೇರ ಕತ್ತಿ. ಪರಂಗಿ ಹಣ್ಣಿನ ಹಾಗೆ ಇದೂ ಪರದೇಶಿಯವರ ಹೆಸರಿನಿಂದ ಬಂದದ್ದೇ. ಮರಾಠಿ ಅಥವಾ ಪಾರಸಿ ಪಟ್ಟಿಯಲ್ಲಿ ‘ಇಷ್ಟು ಫಿರಂಗಿ’ ಅಂತ ಕಂಡ ಕೂಡಲೇ ಅಷ್ಟು ತೋಪು ಅಂತ ಅನುವಾದ ಮಾಡಿದ್ರೆ ಒಂದು ಸಣ್ಣ ಕೋಟೆಗೆ ಸಾಮ್ರಾಜ್ಯದ ತೋಪುಖಾನೆ ಕೊಟ್ಟ ಹಾಗಾಗುತ್ತೆ.

ಯುರೋಪಿನ ಅಲಗಿನ ಮೇಲೆ ತಯಾರಕರ ಗುರುತಿದ್ರೂ ನಂಬಿಕೆ ಕೊಡಬೇಡಿ. ಜರ್ಮನಿಯ ಪಸಾವ್ ಊರಿನ ಓಡುವ ತೋಳದ ಗುರುತನ್ನ ಸೋಲಿಂಗೆನ್‌ನವರೂ ಬಳಸಿದರು. ಆಂಡ್ರಿಯಾ ಫೆರಾರಾ ಎಂಬ ಇಟಲಿಯ ಕಮ್ಮಾರನ ಹೆಸರು ಅವನು ಸತ್ತ ಎಷ್ಟೋ ಕಾಲದ ನಂತರವೂ ಅಲಗುಗಳ ಮೇಲೆ ಬರ್ತಾನೇ ಇತ್ತು. ನಮ್ಮ ಕಮ್ಮಾರರೂ ಆ ಗುರುತುಗಳನ್ನ ನಕಲು ಮಾಡಿದರು.

ನಾಲ್ಕು, ಉಕ್ಕು. ಇಂಗ್ಲಿಷಿನವರು ವುಟ್ಜ್ ಅಂತ ಕರೆಯೋ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಹೋಗಿದ್ದು ಅಂತ ಸಾಮಾನ್ಯವಾಗಿ ಒಪ್ಪಿದ ಮಾತು. ಮುಚ್ಚಿದ ಮೂಸೆಯಲ್ಲಿ ಕಬ್ಬಿಣವನ್ನ ಸಸ್ಯವಸ್ತುಗಳ ಜೊತೆ ಕಾಯಿಸಿ ಮಾಡಿದ, ಶೇಕಡಾ 1ರಿಂದ 2ರಷ್ಟು ಇಂಗಾಲ ಇರೋ ಉಕ್ಕು. ಹದವಾಗಿ ಬಡಿದು, ಸೌಮ್ಯ ಆಮ್ಲ ತಾಗಿಸಿದ್ರೆ ನೀರಿನ ಅಲೆಯಂಥ ವಿನ್ಯಾಸ ಕಾಣುತ್ತೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿದ ಬುಕನನ್ ಈ ಉಕ್ಕು ಮಾಡೋದನ್ನ ನೋಡಿ ವಿವರವಾಗಿ ಬರೆದಿದ್ದಾನೆ. ಅಲೆ ಕಂಡ್ರೆ ಮೂಸೆ ಉಕ್ಕು ಅನ್ನಬಹುದು. ಕಾಣಲಿಲ್ಲ ಅಂದ್ರೆ ಅಲ್ಲ ಅನ್ನೋ ಹಾಗಿಲ್ಲ. ಉಜ್ಜಿ ಹೋಗಿರಬಹುದು, ಕಾಯಿಸೋವಾಗ ಅಳಿಸಿರಬಹುದು.

ಹಣೆಪಟ್ಟಿಯ ತೊಂದರೆ

ಈಗ ಮುಖ್ಯ ವಾದಕ್ಕೆ ಬರ್ತೀನಿ. ಚೆನ್ನೈ ಸರ್ಕಾರಿ ಮ್ಯೂಸಿಯಂನಲ್ಲಿ ದೊಡ್ಡ ಶಸ್ತ್ರಸಂಗ್ರಹ ಇದೆ, ಅದರ ಮುಖ್ಯ ಭಾಗ ತಂಜಾವೂರು ಅರಮನೆಯ ಶಸ್ತ್ರಾಗಾರದಿಂದ ಬಂದದ್ದು. ಅಲ್ಲೂ ಹೆಡೆ ಕಠಾರಿಗಳಿವೆ. ಹೀಗಾಗಿ ಏನಾಯ್ತು? ಒಂದೇ ಬಗೆಯ ಕಠಾರಿ ಚೆನ್ನೈ ದಾರಿಯಲ್ಲಿ ಬಂದ್ರೆ ‘ತಂಜಾವೂರಿನದು’. ಬಿಕಾನೇರ್ ದಾರಿಯಲ್ಲಿ ಬಂದ್ರೆ ‘ಆದೋನಿಯದು’. ಯಾವ ಗುರುತೂ ಇಲ್ಲದೆ ಬಂದ್ರೆ ‘ವಿಜಯನಗರ ಶೈಲಿ’. ಮೂರೂ ಹೆಸರು ತಯಾರಾದ ಜಾಗದ್ದಲ್ಲ. ಮೊದಲೆರಡು ಕೊನೆಯ ಗೋದಾಮಿನ ಹೆಸರು, ಮೂರನೆಯದು ನಮ್ಮ ಊಹೆಯ ಹೆಸರು.

ಇದನ್ನ ಬಿಡಿಸೋಕೆ ನಾನು ಹೇಳೋ ದಾರಿ ಸರಳ. ಸೂಚಿಯಲ್ಲಿ ಒಂದೇ ‘ಮೂಲ’ ಅನ್ನೋ ಕಲಂ ಬದಲು ನಾಲ್ಕು ಕಲಂ ಇಡಬೇಕು: ಅಲಗು ಎಲ್ಲಿಯದು, ಹಿಡಿ ಎಲ್ಲಿಯದು, ಯಾವ ಶಸ್ತ್ರಾಗಾರದಲ್ಲಿತ್ತು, ಈಗ ಎಲ್ಲಿದೆ. ಅಲಗು ಯುರೋಪಿನದು, ಹಿಡಿ ದಕ್ಷಿಣದ ಯಾವುದೋ ಕಮ್ಮಟದ್ದು, ಶಸ್ತ್ರಾಗಾರ ಆದವಾನಿ, ಆಮೇಲೆ ಬಿಕಾನೇರ್, ಈಗ ಇನ್ನೆಲ್ಲೋ. 20ನೆಯ ಶತಮಾನದಲ್ಲಿ ಬಿಕಾನೇರ್ ಗುರುತಿನ ಎಷ್ಟೋ ಶಸ್ತ್ರಗಳು ಪಶ್ಚಿಮದ ಮ್ಯೂಸಿಯಂ, ಖಾಸಗಿ ಸಂಗ್ರಹಗಳಿಗೂ ಸೇರಿವೆ. ನಾಲ್ಕು ಕಲಂನಲ್ಲಿ ಒಂದು ತುಂಬದಿದ್ರೆ ಖಾಲಿ ಬಿಡಿ. ಖಾಲಿ ಕಲಂ ಸುಳ್ಳು ಹೇಳಲ್ಲ.

ಇನ್ನೊಂದು ಹಣೆಪಟ್ಟಿ ಧರ್ಮದ್ದು. ಹೆಡೆ ಕಠಾರಿಯ ಮೇಲೆ ಯಾಳಿ, ಹಂಸ, ಗಿಳಿ ಕಂಡ್ರೆ ‘ಹಿಂದೂ ಶಸ್ತ್ರ’ ಅಂತೀವಿ. ರಾಬರ್ಟ್ ಎಲ್ಗುಡ್ ಅವರ 2004ರ ಮುಖ್ಯ ಪುಸ್ತಕದ ಹೆಸರಲ್ಲೇ ಹಿಂದೂ ಶಸ್ತ್ರ ಮತ್ತು ಆಚರಣೆ ಅನ್ನೋ ಮಾತಿದೆ, ಮತ್ತು ಶೈಲಿಯ ಮೂಲ ಹೇಳೋಕೆ ಅದು ಸರಿಯೇ. ಆದ್ರೆ ಆದವಾನಿಯ ಸಂಗತಿ ನೋಡಿ. 120 ವರ್ಷ ಆದಿಲ್‌ಶಾಹಿ ಕೋಟೆ, ಕೊನೆಯ ಒಡೆಯ ಆಫ್ರಿಕಾ ಮೂಲದ ಮುಸ್ಲಿಂ ಸರದಾರ, ಅವನ ಗೋದಾಮಿನಲ್ಲಿ ಯಾಳಿ ಮುಖದ ಕಠಾರಿ, ಅದಕ್ಕೆ ಯುರೋಪಿನ ಅಲಗು. ಅದನ್ನ ಕೊಂಡೊಯ್ದವನು ಮೊಗಲರ ಸೇವೆಯಲ್ಲಿದ್ದ ರಜಪೂತ. ಇಷ್ಟು ಕೈ ದಾಟಿದ ವಸ್ತುವಿಗೆ ಒಂದು ಮತದ ಹೆಸರು ಅಂಟಿಸೋದು ಇತಿಹಾಸವನ್ನ ಬರೆಯೋದಲ್ಲ, ಕುಗ್ಗಿಸೋದು. ಅಲಂಕಾರ ಹೇಳೋದು ಅಕ್ಕಸಾಲಿಗ, ಕಮ್ಮಾರರ ಅಭ್ಯಾಸ. ಕೈಯಲ್ಲಿ ಹಿಡಿದವರ ನಂಬಿಕೆ ಬೇರೆ ಪ್ರಶ್ನೆ.

ಕೋಟೆ ಮತ್ತೆ ಮತ್ತೆ ಖಾಲಿಯಾದದ್ದು

ಈ ಸೀಮೆಯ ಯಾವುದೋ ಹಳ್ಳಿಯಲ್ಲಿ ಇವತ್ತು ಹಳೆಯ ಶಸ್ತ್ರ ಕಂಡ್ರೆ ಅದು 1688ಕ್ಕೆ ಮುಂಚಿನದು ಅಂತ ಆಸೆಪಡೋದು ಸಹಜ. ಆದ್ರೆ ಆಮೇಲೂ ಮೂರು ಪದರ ಇದೆ.

ಮೊದಲನೆಯದು ನಿಜಾಮರ ಕಾಲ. ನಿಜಾಮನ ತಮ್ಮ ಬಸಾಲತ್ ಜಂಗನ ಜಾಗೀರು ಆದವಾನಿ. ಅವನ ಹತ್ತಿರ ಫ್ರೆಂಚ್ ಪಡೆ ಇತ್ತು; ಅದರ ನಾಯಕ ಲಾಲಿ ಆಮೇಲೆ ಹೈದರ್ ಅಲಿಯ ಸೇವೆಗೆ ಹೋದ. ಅಂದ್ರೆ 18ನೆಯ ಶತಮಾನದ ಫ್ರೆಂಚ್ ಬಂದೂಕಿನ ಭಾಗ ಇಲ್ಲಿ ಸಿಕ್ರೆ ಆಶ್ಚರ್ಯ ಇಲ್ಲ. 1786ರಲ್ಲಿ ಟಿಪ್ಪು ಸುಲ್ತಾನ್ ಆದವಾನಿಯನ್ನ ಹಿಡಿದು ಕೋಟೆಯನ್ನ ಕೆಡವಿಸಿದ. ಅದು ಕೋಟೆ ಎರಡನೇ ಸಲ ಬರಿದಾದದ್ದು.

ಎರಡನೆಯದು ಕಂಪನಿ ಕಾಲ. 1800ರಲ್ಲಿ ನಿಜಾಮ ಈ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಅನ್ನೋದು ಅಲ್ಲಿಂದಲೇ. ಮೊದಲ ಮುಖ್ಯ ಕಲೆಕ್ಟರ್ ಥಾಮಸ್ ಮನ್ರೋ ಪಾಳೆಯಗಾರರ ಪಡೆಗಳನ್ನ ಅಡಗಿಸಿದ. ಅವನು 1827ರಲ್ಲಿ ಕಾಲರಾ ತಗುಲಿ ಸತ್ತದ್ದೂ ಇದೇ ಸೀಮೆಯ ಪತ್ತಿಕೊಂಡದಲ್ಲಿ. ಕಂಪನಿ ಬಂದೂಕಿನ ಗುರುತು ಓದೋದು ಸುಲಭ. ಚಾಪಿನ ತಗಡಿನ ಮೇಲೆ ಹೃದಯದ ಆಕಾರದೊಳಗೆ ಕಂಪನಿಯ ಅಕ್ಷರಗಳಿದ್ರೆ ಸುಮಾರು 1808ಕ್ಕೆ ಮುಂಚಿನದು. ಕಾಲೆತ್ತಿದ ಸಿಂಹ ಇದ್ರೆ ಆಮೇಲಿನದು.

ಮೂರನೆಯದು ಕರ್ನೂಲು ನವಾಬ. 1839ರಲ್ಲಿ ನವಾಬ ಗುಲಾಮ್ ರಸೂಲ್ ಖಾನನ ಕೋಟೆಯಲ್ಲಿ ಗುಟ್ಟಾಗಿ ಕೂಡಿಟ್ಟ ದೊಡ್ಡ ಶಸ್ತ್ರಭಂಡಾರ ಸಿಕ್ಕಿತು, ಕಂಪನಿ ಆ ಸಂಸ್ಥಾನವನ್ನ ವಶಪಡಿಸಿಕೊಂಡಿತು. ಇಲ್ಲಿ ಎಚ್ಚರ ಬೇಕು. ಇವತ್ತು ಎರಡೂ ಒಂದೇ ಜಿಲ್ಲೆ, ಅವತ್ತು ಬೇರೆ ಬೇರೆ. ಆದವಾನಿ ಆಗ ಕಂಪನಿಯ ಬಳ್ಳಾರಿಯಲ್ಲಿತ್ತು. ‘ಕರ್ನೂಲು ಜಿಲ್ಲೆಯಲ್ಲಿ ಸಿಕ್ಕಿದ್ದು’ ಅನ್ನೋ ಇವತ್ತಿನ ವಾಕ್ಯ ಅವತ್ತಿನ ಎರಡು ಸರ್ಕಾರಗಳನ್ನ ಒಂದು ಮಾಡಿಬಿಡುತ್ತೆ.

ಇನ್ನು ಜೀವಂತ ಆಚರಣೆ. ಹೊಳಗುಂದ ಸೀಮೆಯ ದೇವರಗಟ್ಟದಲ್ಲಿ ವಿಜಯದಶಮಿ ರಾತ್ರಿ ಮಾಳಮಲ್ಲೇಶ್ವರನ ಬನ್ನಿ ಉತ್ಸವದ ಬಡಿಗೆ ಕಾಳಗ ನಿಮಗೆಲ್ಲ ಗೊತ್ತು. ಪ್ರತಿವರ್ಷ ಜನಕ್ಕೆ ಗಾಯ ಆಗುತ್ತೆ, ಆದ್ರೂ ನಡೆಯುತ್ತೆ. ಅದನ್ನ ನೋಡಿ ‘ಹಳೆಯ ಯುದ್ಧ ಹೀಗಿತ್ತು’ ಅಂತ ಬರೆಯೋರಿದ್ದಾರೆ. ಶಸ್ತ್ರದ ಆಕಾರಕ್ಕೆ ಸಾಕ್ಷಿ ಬೇಕಂದ್ರೆ ವೀರಗಲ್ಲು ನೋಡಿ, ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪ ನೋಡಿ. ಹಬ್ಬದಿಂದ ತಿಳಿಯೋದು ಜನ ಆಯುಧವನ್ನ ಹೇಗೆ ನೆನಪಿಟ್ಟುಕೊಂಡಿದ್ದಾರೆ ಅನ್ನೋದು. ಅದೂ ಬೆಲೆಯುಳ್ಳದ್ದೇ, ಆದ್ರೆ ಬೇರೆ ಕಲಂ.

ಕೈಗೆ ಸಿಕ್ಕಾಗ ಮಾಡಬೇಕಾದದ್ದು

ಮೊದಲ ನಿಯಮ, ಉಜ್ಜಬೇಡಿ. ಚುಕ್ಕೆಬರಹದ ಆಳ ಬಹಳ ಕಡಿಮೆ. ಮರಳು ಕಾಗದ ನಾಲ್ಕು ಸಲ ಆಡಿದ್ರೆ 300 ವರ್ಷದ ಒಂದೇ ಒಂದು ದಾಖಲೆ ಹೋಯ್ತು. ನಿಂಬೆಹಣ್ಣು, ಹುಣಸೆಹಣ್ಣು ಬೇಡವೇ ಬೇಡ. ‘ಉಕ್ಕಿನ ಅಲೆ ಕಾಣುತ್ತೆ’ ಅಂತ ಆಮ್ಲ ಹಾಕಿ, ತೊಳೆಯದೆ ಬಿಟ್ಟು, ಅಲಗನ್ನೇ ತಿನ್ನಿಸಿದವರಿದ್ದಾರೆ. ಆಯುಧಪೂಜೆಗೆ ಇಡೋ ಮನೆಯವರಿಗೆ ಪೂಜೆ ಬಿಡಿ ಅನ್ನಬೇಡಿ. ಒದ್ದೆ ಅರಿಶಿನ ಕುಂಕುಮ ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡಿ ಅನ್ನಿ, ಸಾಕು.

ಎರಡನೆಯದು, ಓರೆ ಬೆಳಕಿನ ಚಿತ್ರ. ಮೊಬೈಲಿನ ಟಾರ್ಚನ್ನ ಪಕ್ಕದಿಂದ ಹಿಡಿದು ತೆಗೀರಿ, ನಾಲ್ಕು ದಿಕ್ಕಿನಿಂದ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಏಳುತ್ತೆ.

ಮೂರನೆಯದು, ಅಳತೆ. ಒಟ್ಟು ಉದ್ದ, ಅಲಗಿನ ಉದ್ದ, ಬುಡದ ಅಗಲ, ಬುಡ ಮತ್ತು ಮೊನೆಯ ದಪ್ಪ, ತೂಕ.

ನಾಲ್ಕನೆಯದು, ಅನುಮಾನ. ಬಿಕಾನೇರ್ ಗುರುತಿದ್ರೆ ಬೆಲೆ ಏರುತ್ತೆ. ಬೆಲೆ ಏರೋ ಕಡೆ ಹೊಸ ಗುರುತು ಹುಟ್ಟುತ್ತೆ. ಭೂತಗನ್ನಡಿಯಲ್ಲಿ ನೋಡಿ: ಚುಕ್ಕೆಯೊಳಗೂ ಸುತ್ತಲ ಮೇಲ್ಮೈಯಷ್ಟೇ ಹಳೆಯ ಬಣ್ಣ ಇದೆಯಾ? ಸವೆತದ ಗೀರುಗಳು ಚುಕ್ಕೆಯ ಮೇಲೆ ಹಾದಿವೆಯಾ, ಅಥವಾ ಚುಕ್ಕೆಯೇ ಗೀರಿನ ಮೇಲೆ ಕೂತಿದೆಯಾ? ಎರಡನೆಯದಾದ್ರೆ ಸವೆದ ಮೇಲೆ ಬರೆದದ್ದು.

ಪ್ರಶ್ನೋತ್ತರದಿಂದ

ಪ್ರಶ್ನೆ: ‘ಆದೋನಿ’ ಅಂತಿದ್ರೆ ಗೆದ್ದು ತಂದದ್ದೇ ಅಂತ ಹೇಗೆ ಹೇಳ್ತೀರಿ? ಅನೂಪ್ ಸಿಂಗ್ ಆಮೇಲೂ ಅಲ್ಲೇ ಇದ್ದನಲ್ಲ?

ಉತ್ತರ: ಒಳ್ಳೆ ಪ್ರಶ್ನೆ. ಅವನು 1698ರ ತನಕ ಅಲ್ಲಿದ್ದ ಅನ್ನೋದಾದ್ರೆ, ಅಲ್ಲಿ ಕೊಂಡದ್ದು, ಕಾಣಿಕೆ ಬಂದದ್ದು, ಮಾಡಿಸಿದ್ದು ಕೂಡ ‘ಆದೋನಿ’ ಹೆಸರಲ್ಲಿ ದಾಖಲಾಗೋಕೆ ಸಾಧ್ಯ. ಅದಕ್ಕೇ ಊರ ಹೆಸರಿಗಿಂತ ಕ್ರಿಯಾಪದ ಮುಖ್ಯ, ಇಸವಿ ಮುಖ್ಯ. ‘ಆದೋನಿ’ ಒಂದೇ ಇದ್ದು ಇಸವಿ ಇಲ್ಲದಿದ್ರೆ 1688 ಅಂತ ಬರೆಯಬೇಡಿ. 1698 ಅಂತ ಗಡಿ ಹಾಕಿ. ಹತ್ತು ವರ್ಷ ಸಡಿಲ ಬಿಟ್ರೆ ಮರ್ಯಾದೆ ಹೋಗಲ್ಲ.

ಪ್ರಶ್ನೆ: ನಮ್ಮ ಊರಿನ ಮನೆಗಳಲ್ಲಿ ಹಳೆ ಕತ್ತಿಗಳಿವೆ. ತೋರಿಸೋಕೆ ಹೆದರ್ತಾರೆ. ಕಾನೂನು ಏನು?

ಉತ್ತರ: ಹೆದರಿಕೆಯಿಂದಲೇ ಎಷ್ಟೋ ವಸ್ತು ರಾತ್ರೋರಾತ್ರಿ ಗುಜರಿಗೆ ಹೋಗುತ್ತೆ. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ, ಹಳೆಯ ಮಾದರಿಯ ಅಥವಾ ಪ್ರಾಚ್ಯ ಬೆಲೆಯ, ದುರಸ್ತಿ ಮಾಡಿದ್ರೂ ಬಂದೂಕಾಗಿ ಬಳಸೋಕೆ ಆಗದ ಆಯುಧಕ್ಕೆ ವಿನಾಯಿತಿ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಇಂಥ ವಸ್ತು 100 ವರ್ಷ ದಾಟಿದ್ರೆ ಪ್ರಾಚ್ಯವಸ್ತು. ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ನೆಲದಲ್ಲಿ ಸಿಕ್ಕಿದ್ರೆ 1878ರ ನಿಧಿ ಕಾಯ್ದೆ ಪ್ರಕಾರ ಕಲೆಕ್ಟರಿಗೆ ತಿಳಿಸಬೇಕು. ಮನೆಯವರ ಹೆಸರು, ವಿಳಾಸ ನಿಮ್ಮ ಪ್ರಬಂಧದಲ್ಲಿ ಹಾಕಬೇಡಿ. ಬೆಲೆ ಎಷ್ಟು ಅಂತ ಅವರು ಕೇಳಿದ್ರೆ ಹೇಳಬೇಡಿ. ನಾವು ಬೆಲೆ ಕಟ್ಟೋಕೆ ಹೋದವರಲ್ಲ.

ಪ್ರಶ್ನೆ: ಆ ಶಸ್ತ್ರಗಳು ಆದವಾನಿಗೆ ವಾಪಸ್ ಬರಬೇಕಲ್ಲವೇ?

ಉತ್ತರ: ಈ ಪ್ರಶ್ನೆಯ ಹಿಂದಿರೋ ನೋವು ಅರ್ಥ ಆಗುತ್ತೆ. ಬಿಕಾನೇರಿನವು ದೇಶದೊಳಗೇ ಇವೆ. ಹೊರಗೆ ಹೋದವಕ್ಕೆ, 1972ರ ಕಾಯ್ದೆಗೆ ಮುಂಚೆ ಹೋದವನ್ನ ಕಾನೂನಿನಿಂದ ಎಳೆದು ತರೋದು ಕಷ್ಟ. ವಾಪಸ್ ಯಾರಿಗೆ ಅನ್ನೋದೂ ಇದೆ: ಮಸೂದನಿಗೂ ಮುಂಚೆ ಅವು ಎಲ್ಲಿಂದ ಬಂದವು ಅನ್ನೋದನ್ನ ಈಗಷ್ಟೇ ಮಾತಾಡಿದ್ವಿ. ಆದ್ರೆ ವಸ್ತು ಬರದಿದ್ರೂ ಪಟ್ಟಿ ಬರಬಹುದು. ಜಗತ್ತಿನ ಯಾವ ಮ್ಯೂಸಿಯಂನಲ್ಲಿ ಆದವಾನಿ ಗುರುತಿನ ಯಾವ ವಸ್ತು ಇದೆ, ಬರಹದ ಪಾಠ ಏನು, ಅಲಗು ಯಾವುದು, ಹಿಡಿ ಯಾವುದು ಅಂತ ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ ಕೋಷ್ಟಕ ಮಾಡೋದು ನಮ್ಮ ಕೈಲಾಗೋ ಕೆಲಸ. ಇವತ್ತು ಆದವಾನಿಯ ಒಬ್ಬ ಹೈಸ್ಕೂಲ್ ಹುಡುಗಿಗೆ ತನ್ನ ಊರಿನ ಹೆಸರು ಬಿಕಾನೇರಿನ ಕಠಾರಿಯ ಮೇಲಿದೆ ಅಂತ ಗೊತ್ತಾಗೋಕೆ ದಾರಿಯೇ ಇಲ್ಲ. ಅದನ್ನ ಸರಿಪಡಿಸೋಕೆ ಯಾವ ಸರ್ಕಾರದ ಅನುಮತಿಯೂ ಬೇಡ. ಮೂರು ಜನ ಸಿಕ್ರೆ ಮುಂದಿನ ವಾರದಿಂದಲೇ ಚುಕ್ಕೆಬರಹಗಳ ಚಿತ್ರ ಕೂಡಿಸೋಕೆ ಶುರು ಮಾಡೋಣ. ನಾಗರಿ ಓದೋಕೆ ಬರೋರು ಒಬ್ಬರಾದ್ರೂ ಇರಲಿ.